ಎಂಎಂ ಹಿಡಿಯಬೇಕೇ, ಇಂಚು ಹಿಡಿಯಬೇಕೇ? ಕೊಡಗಿನ ಮರಗೆಲಸಕ್ಕೆ ಅಳತೆಯ ಆಯ್ಕೆ

ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ಒಂದು ವಾರ್ಡ್‌ರೋಬಿಗೆ ಸಾಮಾನು ಬರೆಸಿ ನೋಡಿ. ಪ್ಲೈವುಡ್ 8×4 ಅಡಿ, ದಪ್ಪ ಮಾತ್ರ 18 ಎಂಎಂ. ಅದರ ಮೇಲೆ ಅಂಟಿಸುವ ಲ್ಯಾಮಿನೇಟ್ ಕೂಡ 8×4 ಅಡಿ, ದಪ್ಪ 1 ಎಂಎಂ. ಡ್ರಾಯರ್ ಜಾರುವ ಲೋಹದ ಹಳಿ, ಅಂದರೆ ಚಾನೆಲ್, 18 ಇಂಚು. ಬಾಗಿಲಿನ ಹಲಗೆಯಲ್ಲಿ ಕೊರೆದು ಕೂರಿಸುವ ಹಿಂಜಿನ ಬಟ್ಟಲು 35 ಎಂಎಂ. ಸ್ಕ್ರೂ 35×8, ಇದರಲ್ಲಿ 35 ಅಂದರೆ ಎಂಎಂ ಲೆಕ್ಕದ ಉದ್ದ, 8 ಅಂದರೆ ಇಂಚಿನ ಕಾಲದಿಂದ ಬಂದ, ದಪ್ಪದ ಗೇಜ್ ನಂಬರು. ಮೊಳೆ ಒಂದೂವರೆ ಇಂಚಿನದು. ಅಂಚಿಗೆ ತೇಗದ ಪಟ್ಟಿ ಬೇಕೆಂದರೆ ಸಿಎಫ್‌ಟಿ, ಅಂದರೆ ಘನ ಅಡಿಯ ಲೆಕ್ಕ. ಒಂದೇ ಚೀಟಿಯಲ್ಲಿ ಎರಡು ಪದ್ಧತಿ, ಕೆಲವು ಕಡೆ ಒಂದೇ ಸಾಲಿನಲ್ಲಿ ಎರಡೂ.

ಹಾಗಾಗಿ ಒಂದನ್ನು ಹಿಡಿದು ಇನ್ನೊಂದನ್ನು ಪೂರ್ತಿ ಬಿಡುವುದು ಇಲ್ಲಿ ನಡೆಯುವ ಮಾತಲ್ಲ. ಯಾವ ಹಂತದಲ್ಲಿ ಯಾವ ಅಳತೆ ಕೈಯಲ್ಲಿರಬೇಕು ಎನ್ನುವುದನ್ನು ತೀರ್ಮಾನಿಸಬೇಕು, ಅಷ್ಟೇ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಮರ ಕೊಳ್ಳುವಾಗ ಮಿಲ್ಲಿನ ಲೆಕ್ಕದಲ್ಲೇ, ಅಂದರೆ ಅಡಿ, ಇಂಚು, ಸಿಎಫ್‌ಟಿಯಲ್ಲಿ ಮಾತಾಡಿ. ಪ್ಲೈವುಡ್ ಮತ್ತು ಫಿಟ್ಟಿಂಗ್ ಇರುವ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಎಂಎಂನಲ್ಲಿ ಮಾಡಿ. ಹಳೆಯ ಮನೆಯ ರಿಪೇರಿಗೆ ಎರಡನ್ನೂ ಬದಿಗಿಟ್ಟು, ಸಂಖ್ಯೆಯಿಲ್ಲದೆ ಜಾಗಕ್ಕೇ ಹೊಂದಿಸಿ ಗುರುತು ಹಾಕುವ ರೀಪು ಹಿಡಿಯಿರಿ. ಯಾವುದೇ ಆಗಲಿ, ಕೆಲಸ ಶುರುವಾದ ಮೇಲೆ ನಡುವೆ ಅಳತೆ ಬದಲಿಸಬೇಡಿ. ಮರಗೆಲಸದಲ್ಲಿ ಹಾಳಾಗುವ ಹಲಗೆಗಳಲ್ಲಿ ಬಹಳಷ್ಟು ಈ ಬದಲಾವಣೆಯ ಹೊತ್ತಿನಲ್ಲೇ ಹಾಳಾಗುತ್ತವೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ 1956ರಲ್ಲೇ ದೇಶದಲ್ಲಿ ಮೆಟ್ರಿಕ್ ಅಳತೆಯ ಕಾನೂನೂ ಬಂತು. ಈಗ ಜಾರಿಯಲ್ಲಿರುವ 2009ರ ಕಾನೂನು ಮಾಪನ ಕಾಯ್ದೆಯ ಪ್ರಕಾರವೂ ವ್ಯಾಪಾರ ಮೆಟ್ರಿಕ್‌ನಲ್ಲೇ ನಡೆಯಬೇಕು. ಆದರೂ ಇಂಚು ಹೋಗಿಲ್ಲ. ಆ ಇಂಚಿಗೂ ಈಗ ಆಧಾರ ಮೆಟ್ರಿಕ್ಕೇ: 1959ರ ಅಂತರರಾಷ್ಟ್ರೀಯ ಒಪ್ಪಂದದಿಂದ ಒಂದು ಇಂಚು ಎಂದರೆ ಸರಿಯಾಗಿ 25.4 ಎಂಎಂ. ಈ ಒಂದು ಸಂಖ್ಯೆ ಬಾಯಿಪಾಠ ಇರಲಿ, ಮುಂದಿನ ಎಲ್ಲ ಲೆಕ್ಕಕ್ಕೂ ಇದೇ ಬೇರು.

ದಿಮ್ಮಿ ಕೊಳ್ಳುವಾಗ

ಸಾಮಿಲ್ಲಿನಲ್ಲಿ ಮರದ ಮಾತು ಸಿಎಫ್‌ಟಿಯಲ್ಲಿ ನಡೆಯುತ್ತದೆ. ಅರಣ್ಯ ಇಲಾಖೆಯ ಡಿಪೋ ಹರಾಜಿನ ಪಟ್ಟಿ ಘನ ಮೀಟರ್‌ನಲ್ಲಿ ಇರುತ್ತದೆ. ಒಂದು ಘನ ಮೀಟರ್ ಅಂದರೆ 35.315 ಘನ ಅಡಿ. ಲೆಕ್ಕ ಇಷ್ಟೇ ಆಗಿದ್ದರೆ ಒಂದು ಭಾಗಾಕಾರಕ್ಕೆ ಮುಗಿಯುತ್ತಿತ್ತು. ಪೆಟ್ಟು ಬೀಳುವುದು ಸೂತ್ರದಲ್ಲಿ.

ದುಂಡು ದಿಮ್ಮಿಗೆ ಮಿಲ್ಲಿನವರು ಹಾಕುವುದು ಕಾಲು ಸುತ್ತಳತೆಯ ಲೆಕ್ಕ. ದಿಮ್ಮಿಯ ನಟ್ಟನಡುವೆ ತೊಗಟೆ ಬಿಟ್ಟು ಸುತ್ತಳತೆ ತೆಗೆಯುತ್ತಾರೆ. ಅದನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುತ್ತಾರೆ. ಸುತ್ತಳತೆ ಇಂಚಿನಲ್ಲಿ, ಉದ್ದ ಅಡಿಯಲ್ಲಿ ಇದ್ದರೆ ಕೊನೆಗೆ 144ರಿಂದ ಭಾಗಿಸಬೇಕು. ತೋಟದಲ್ಲಿ ಮೆಣಸಿನ ಬಳ್ಳಿಗೆ ಆಸರೆಯಾಗಿದ್ದ ಒಂದು ಸಿಲ್ವರ್ ಓಕ್ ದಿಮ್ಮಿ, ಸುತ್ತಳತೆ 48 ಇಂಚು, ಉದ್ದ 10 ಅಡಿ ಅಂತಿಟ್ಟುಕೊಳ್ಳಿ. 48ರ ಕಾಲು 12; 12×12×10÷144 = 10 ಸಿಎಫ್‌ಟಿ. ಅದೇ ದಿಮ್ಮಿಯನ್ನು ಸಿಲಿಂಡರ್ ಎಂದು ಲೆಕ್ಕ ಹಾಕಿದರೆ 12.7 ಘನ ಅಡಿ ಬರುತ್ತದೆ. ಕಾಲು ಸುತ್ತಳತೆಯ ಲೆಕ್ಕ ನಿಜವಾದ ಗಾತ್ರದ ಶೇ 78.5ರಷ್ಟನ್ನು ಮಾತ್ರ ತೋರಿಸುತ್ತದೆ. ಉಳಿದದ್ದು ಹೊಟ್ಟು ಮತ್ತು ಅಂಚಿನ ಸೀಳುಗಳಿಗೆ ಹೋಗುತ್ತದೆ ಎಂಬ ಅಂದಾಜು ಅದರೊಳಗೇ ಇದೆ.

ಆದ್ದರಿಂದ ಘನ ಮೀಟರ್ ದರವನ್ನೂ ಸಿಎಫ್‌ಟಿ ದರವನ್ನೂ ಹೋಲಿಸುವ ಮುನ್ನ, ಆ ಘನ ಮೀಟರ್ ಯಾವ ಸೂತ್ರದಿಂದ ಬಂದದ್ದು ಎಂದು ಕೇಳಿ. ಎರಡೂ ಕಾಲು ಸುತ್ತಳತೆಯದೇ ಆದರೆ 35.315ರಿಂದ ಭಾಗಿಸಿ. ಘನ ಮೀಟರ್ ಪೂರ್ಣ ಗಾತ್ರದ್ದಾಗಿದ್ದು ಸಿಎಫ್‌ಟಿ ಕಾಲು ಸುತ್ತಳತೆಯದಾದರೆ 27.74ರಿಂದ ಭಾಗಿಸಬೇಕು. ಘನ ಮೀಟರಿಗೆ 35,000 ರೂಪಾಯಿ ಎಂದರೆ ಮೊದಲ ಲೆಕ್ಕದಲ್ಲಿ ಸಿಎಫ್‌ಟಿಗೆ 991 ರೂಪಾಯಿ, ಎರಡನೆಯದರಲ್ಲಿ 1,262. ಒಂದು ಲೋಡಿನಲ್ಲಿ ಈ ವ್ಯತ್ಯಾಸ ಎಷ್ಟಾಗುತ್ತದೆಂದು ತೋಟದವರಿಗೆ ಹೇಳಿಕೊಡಬೇಕಾಗಿಲ್ಲ.

ಇಲ್ಲಿ ಮೆಟ್ರಿಕ್‌ಗೆ ಒಂದು ನಿಜವಾದ ಅನುಕೂಲ ಇದೆ, ಮಾರುವವರು ಗಮನಿಸಬೇಕು. ಸುತ್ತಳತೆಯನ್ನು ಕೆಳಗಿನ ಪೂರ್ಣ ಸಂಖ್ಯೆಗೆ ಇಳಿಸಿ ಬರೆಯುವ ರೂಢಿ ಇದ್ದಲ್ಲಿ, 48ಕ್ಕೆ ಒಂದಿಷ್ಟು ಕಡಿಮೆ ಇರುವ ದಿಮ್ಮಿ 47 ಇಂಚಾಗುತ್ತದೆ, ಗಾತ್ರ ಶೇ 4ರಷ್ಟು ಇಳಿಯುತ್ತದೆ. ಅದನ್ನೇ ಸೆಂಟಿಮೀಟರಿನಲ್ಲಿ ಅಳೆದರೆ 122 ಹೋಗಿ 121 ಆಗುತ್ತದೆ. ನಷ್ಟ ಶೇ 1.6 ಮಾತ್ರ. ಅಳತೆಯ ಮನೆ ಸಣ್ಣದಾದಷ್ಟೂ ಇಳಿಸಿದ ನಷ್ಟವೂ ಸಣ್ಣದು.

ಸೀಳಿದ ಮರಕ್ಕೆ ಸೂತ್ರದ ತಂಟೆ ಇಲ್ಲ, ಆದರೆ ಬೇರೊಂದು ಇದೆ. 5×3 ಇಂಚಿನ ಬಾಗಿಲ ಫ್ರೇಮಿಗೆ 7 ಅಡಿಯ ಎರಡು ನಿಲುವು, ಮೂರೂವರೆ ಅಡಿಯ ಒಂದು ತಲೆಪಟ್ಟಿ, ಒಟ್ಟು 17.5 ಅಡಿ ಬೇಕು. 5×3×17.5÷144 = 1.82 ಸಿಎಫ್‌ಟಿ. ಮಿಲ್ಲಿನ ಗರಗಸವನ್ನು 125×75 ಎಂಎಂಗೆ ಹೊಂದಿಸಿ ಸೀಳಿ ಅದನ್ನೇ ‘5×3’ ಎಂದು ಬಿಲ್ಲು ಮಾಡಿದರೆ ಕೈಗೆ ಬರುವುದು 1.77 ಸಿಎಫ್‌ಟಿ ಮರ. ನಿಜವಾದ 5×3 ಅಂದರೆ 127×76 ಎಂಎಂ. ವ್ಯತ್ಯಾಸ ಶೇ 3. ಹಣಕ್ಕಿಂತ ದೊಡ್ಡ ತೊಂದರೆ ಉಜ್ಜುವಾಗ ಬರುತ್ತದೆ: ಎರಡೂ ಮೈ ಹದ ಮಾಡಲು 4ರಿಂದ 6 ಎಂಎಂ ಹೋದ ಮೇಲೆ 75ರ ತುಂಡಿನಲ್ಲಿ 70 ಉಳಿಯುವುದೂ ಕಷ್ಟ. ಬಾಗಿಲು ಕೂರುವ ತೋಡು ತೆಗೆದ ಮೇಲೆ ಹಿಂದೆ ಉಳಿಯುವ ದಪ್ಪ ಕಡಿಮೆಯಾಗುತ್ತದೆ. ಮಿಲ್ಲಿಗೆ ಹೇಳುವಾಗ ‘ಉಜ್ಜಿದ ಮೇಲೆ ಇಷ್ಟು ಬೇಕು’ ಎಂದು ಎಂಎಂನಲ್ಲೂ ಒಮ್ಮೆ ಹೇಳಿ, ಚೀಟಿಯಲ್ಲಿ ಬರೆಸಿ.

ಪ್ಲೈವುಡ್ ಕೆಲಸಕ್ಕೆ ಎಂಎಂ

ಇಲ್ಲಿ ನಮ್ಮ ಮಾತು ಗಟ್ಟಿ. ಪ್ಲೈವುಡ್ ಕೆಲಸವನ್ನು ಇಂಚಿನಲ್ಲಿ ಮಾಡಬೇಡಿ.

18 ಎಂಎಂ ಪ್ಲೈಯನ್ನು ಬಾಯಲ್ಲಿ ‘ಮುಕ್ಕಾಲು ಇಂಚು’ ಎನ್ನುತ್ತೇವೆ. ಮುಕ್ಕಾಲು ಇಂಚು ಅಂದರೆ 19.05 ಎಂಎಂ. ಒಂದು ಹಲಗೆಗೆ 1 ಎಂಎಂ ಚಿಲ್ಲರೆ ತಪ್ಪು. ಐದು ನಿಲುವು ಇರುವ ಉದ್ದದ ವಾರ್ಡ್‌ರೋಬಿನಲ್ಲಿ 5 ಎಂಎಂ ದಾಟುತ್ತದೆ. 12 ಎಂಎಂ ಪ್ಲೈ ಅರ್ಧ ಇಂಚಲ್ಲ (12.7), 6 ಎಂಎಂ ಕಾಲು ಇಂಚಲ್ಲ (6.35). ಕಾಲು ಇಂಚಿನ ಬಿಟ್‌ನಲ್ಲಿ ಹಿಂಬದಿಯ ಹಲಗೆಗೆ ಗಾಡಿ (ಹಲಗೆಯ ಅಂಚು ಕೂರುವ ಉದ್ದನೆಯ ತೋಡು) ಹೊಡೆದರೆ 6 ಎಂಎಂ ಪ್ಲೈ ಅದರಲ್ಲಿ ಅಲ್ಲಾಡುತ್ತದೆ. ಇದರ ಮೇಲೆ ಪ್ಲೈಯ ದಪ್ಪವೇ ಹೇಳಿದಷ್ಟು ಇರುವುದಿಲ್ಲ, ಸ್ವಲ್ಪ ಹೆಚ್ಚುಕಡಿಮೆಗೆ ಐಎಸ್ಐ ಮಾನದಂಡದಲ್ಲೇ ಅವಕಾಶ ಇದೆ. ಲೋಡು ಬಂದ ದಿನವೇ ವರ್ನಿಯರ್ ಕ್ಯಾಲಿಪರ್‌ನಿಂದ ನಾಲ್ಕು ಮೂಲೆ ಅಳೆದು, ಬಂದ ಸಂಖ್ಯೆಯನ್ನು ಹಲಗೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆದಿಡಿ. ಲೆಕ್ಕಕ್ಕೆ ಆ ಸಂಖ್ಯೆಯೇ ಇರಲಿ, ಲೇಬಲ್ಲಿನದಲ್ಲ.

ಶೀಟು ಕತ್ತರಿಸುವಾಗ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. 8×4 ಶೀಟು ಅಂದರೆ 2440×1220 ಎಂಎಂ. ನಾಲ್ಕು ಅಡಿ ಅಗಲದಲ್ಲಿ ಒಂದು ಅಡಿಯ ನಾಲ್ಕು ಪಟ್ಟಿ ಬರಬೇಕು ಎಂದು ಮನಸ್ಸು ಹೇಳುತ್ತದೆ. ಬರುವುದಿಲ್ಲ. ಬ್ಲೇಡು ಪ್ರತಿ ಸೀಳಿಗೆ 3 ಎಂಎಂನಷ್ಟು ತಿನ್ನುತ್ತದೆ. ನಾಲ್ಕು ಪಟ್ಟಿಗೆ ಮೂರು ಸೀಳು, 9 ಎಂಎಂ ಹೋಯಿತು. ಕೊನೆಯ ಪಟ್ಟಿ 12 ಇಂಚು ಇರದೆ ಹನ್ನೊಂದೂಮುಕ್ಕಾಲು ಇಂಚಿಗೂ ಕಡಿಮೆ ಆಗುತ್ತದೆ. ಅದೇ 300 ಎಂಎಂ ಎಂದು ನಕ್ಷೆ ಮಾಡಿದರೆ ನಾಲ್ಕು ಪಟ್ಟಿ, ಮೂರು ಸೀಳು ಸೇರಿ 1209; ಇನ್ನೂ 11 ಎಂಎಂ ಅಂಚು ಸವರಲು ಉಳಿಯುತ್ತದೆ. 24 ಇಂಚು ಮತ್ತು 600 ಎಂಎಂ ವಿಷಯವೂ ಹಾಗೇ. 24 ಇಂಚಿನ ಎರಡು ಒಂದು ಶೀಟಿನ ಅಗಲದಲ್ಲಿ ಬರುವುದಿಲ್ಲ, 600ರ ಎರಡು ಆರಾಮವಾಗಿ ಬರುತ್ತವೆ. ಅಡುಗೆಮನೆಯ ಕಪಾಟುಗಳ ಆಳವನ್ನು ಎರಡು ಅಡಿ ಎಂದು ಬರೆದವರು ಎರಡನೇ ಶೀಟು ತರಿಸಬೇಕಾಗುವುದು ಇದಕ್ಕೇ.

ಈಗ ಬಾಗಿಲುಗಳ ಲೆಕ್ಕ. ಫ್ರೇಮಿನ ಒಳಗೇ ಕೂರುವ ಮೂರು ಬಾಗಿಲು, ತೆರಪು 47 3/4 ಇಂಚು, ಅಂದರೆ 1213 ಎಂಎಂ. ಎರಡು ಬದಿಗೂ 2 ಎಂಎಂ, ಬಾಗಿಲುಗಳ ನಡುವೆ ಎರಡು ಕಡೆ 3 ಎಂಎಂ ಸಂದು ಬಿಟ್ಟರೆ ಒಟ್ಟು 10. ಉಳಿದದ್ದು 1203, ಮೂರು ಭಾಗಕ್ಕೆ 401. ಎರಡೂ ಅಂಚಿಗೆ 1 ಎಂಎಂ ಎಡ್ಜ್‌ಬ್ಯಾಂಡ್ (ಪ್ಲೈಯ ಅಂಚು ಮುಚ್ಚುವ ಪಟ್ಟಿ) ಬರುತ್ತದಾದ್ದರಿಂದ ಪ್ಲೈ ಕತ್ತರಿಸುವ ಅಳತೆ 399. ಒಂದು ಸಾಲಿನಲ್ಲಿ ಮುಗಿಯಿತು.

ಇದನ್ನೇ ಇಂಚಿನಲ್ಲಿ ಮಾಡಿ ನೋಡಿ. ಬದಿಗೆ 1/16, ನಡುವೆ 1/8, ಒಟ್ಟು ಸಂದು 3/8. ಉಳಿದದ್ದು 47 3/8. ಮೂರರಿಂದ ಭಾಗಿಸಿದರೆ 15 ಇಂಚು, ಮೇಲೆ 19/24. ಟೇಪಿನಲ್ಲಿ 24ರ ಗೆರೆ ಇಲ್ಲ. 15 3/4ಕ್ಕೆ ಇಳಿಸಿದರೆ ಮೂರು ಬಾಗಿಲಿಗೆ ಸೇರಿ 1/8 ಇಂಚು ಸಂದು ಹೆಚ್ಚಾಗುತ್ತದೆ, ಕಣ್ಣಿಗೆ ಹೊಡೆಯುತ್ತದೆ. 15 13/16ಕ್ಕೆ ಏರಿಸಿದರೆ 1/16 ಕಡಿಮೆಯಾಗುತ್ತದೆ, ಮಳೆಗಾಲದಲ್ಲಿ ಉಜ್ಜುತ್ತದೆ. ಎಡ್ಜ್‌ಬ್ಯಾಂಡಿನ 1 ಎಂಎಂ ಕಳೆಯಲು ಇಂಚಿನಲ್ಲಿ ಹೆಸರೇ ಇಲ್ಲ.

ನೂಲಿನ ಲೆಕ್ಕದ ಅಪಾಯ ಬೇರೆ. ಆಚಾರಿಗಳ ಬಾಯಲ್ಲಿ ಒಂದು ನೂಲು ಅಂದರೆ 1/8 ಇಂಚು, 3.175 ಎಂಎಂ. ‘ಒಂದು ನೂಲು 3 ಎಂಎಂ’ ಎಂದು ಹಿಡಿಯುವುದು ಸಂದು, ಸಡಿಲದಂಥ ಒಂದೆರಡು ನೂಲಿಗೆ ಸರಿ. ಆದರೆ ‘ಎಂಟು ನೂಲು, ಮೂರೆಂಟಲ ಇಪ್ಪತ್ನಾಲ್ಕು’ ಎಂದು ಅದನ್ನೇ ಮುಂದುವರಿಸಿದರೆ ಒಂದು ಅಡಿಗೆ 17 ಎಂಎಂ ತಪ್ಪುತ್ತದೆ. ಇಂಚಿಗೆ 25 ಎಂಎಂ ಎಂದು ಹಿಡಿದರೆ 8 ಅಡಿಗೆ 38 ಎಂಎಂ. ಅಡಿಗೆ 300 ಎಂದರೂ ಅಷ್ಟೇ.

ಫಿಟ್ಟಿಂಗ್‌ಗಳು

ಚಾನೆಲ್ಲಿನ ಹೆಸರು ಇಂಚಿನಲ್ಲಿದ್ದರೂ ಮೈ ಮೆಟ್ರಿಕ್. 18 ಇಂಚಿನ ಚಾನೆಲ್ ಸಾಮಾನ್ಯವಾಗಿ 450 ಎಂಎಂ ಇರುತ್ತದೆ, 457 ಅಲ್ಲ. 20 ಇಂಚು 500, 22 ಇಂಚು 550. ಹೆಸರು ನಂಬಿ ಡ್ರಾಯರಿನ ಪೆಟ್ಟಿಗೆಯನ್ನು 457ಕ್ಕೆ ಕತ್ತರಿಸಿದರೆ ಮುಂದುಗಡೆ 7 ಎಂಎಂ ಹೊರಗೆ ನಿಲ್ಲುತ್ತದೆ. ಬಾಲ್ ಬೇರಿಂಗ್ ಚಾನೆಲ್ಲಿಗೆ ಬದಿಗೆ 12.7 ಎಂಎಂ ಜಾಗ ಬೇಕು. ಇದೊಂದು ಮಾತ್ರ ಅರ್ಧ ಇಂಚು. ಒಳ ಅಗಲದಿಂದ 26 ಕಳೆದು ಪೆಟ್ಟಿಗೆ ಮಾಡಿ. 24 ಕಳೆದರೆ ಚಾನೆಲ್ ಬಿಗಿಯಾಗಿ ಗುಂಡುಗಳು ಕಿತ್ತು ಬರುತ್ತವೆ, 29 ಕಳೆದರೆ ಡ್ರಾಯರ್ ನಡುವೆ ಕಳಚಿಕೊಳ್ಳುತ್ತದೆ. ಒಳಗೋಡೆಗೆ 0.8 ಎಂಎಂ ಲ್ಯಾಮಿನೇಟ್ ಅಂಟಿಸುವುದಿದ್ದರೆ ಅಂಟಿಸಿದ ಮೇಲೆಯೇ ಒಳ ಅಗಲ ಅಳೆಯಿರಿ.

ಹಿಂಜಿನ ಬಟ್ಟಲಿಗೆ 35ರ ಬಿಟ್, 12 ಎಂಎಂ ಆಳ. 18ರ ಪ್ಲೈಯಲ್ಲಿ ಹಿಂದೆ 6 ಉಳಿಯುತ್ತದೆ. ಫ್ಯಾಕ್ಟರಿಯಿಂದ ಬರುವ ಮಾಡ್ಯುಲರ್ ಹಲಗೆಗಳಲ್ಲಿ 5 ಎಂಎಂ ತೂತುಗಳು 32 ಎಂಎಂಗೆ ಒಂದರಂತೆ, ಮುಂದಿನ ಅಂಚಿನಿಂದ 37 ಎಂಎಂ ಒಳಗೆ ಇರುತ್ತವೆ. ಅದಕ್ಕೆ ಇಂಚಿನ ಟೇಪು ಹಿಡಿದು ಉಪಯೋಗವಿಲ್ಲ.

ಗಾಡಿ ಹೊಡೆಯುವ, ಅಂಚು ಸವರುವ ಯಂತ್ರಗಳಾದ ರೌಟರ್, ಟ್ರಿಮ್ಮರ್ ಇರುವವರಿಗೆ ಒಂದು ಎಚ್ಚರಿಕೆ. 6 ಎಂಎಂ ಹಿಡಿಯ ಬಿಟ್ಟನ್ನು ಕಾಲು ಇಂಚಿನ ಕೋಲೆಟ್‌ಗೆ (ಬಿಟ್ ಕಚ್ಚಿ ಹಿಡಿಯುವ ಬಾಯಿಗೆ) ಹಾಕಬೇಡಿ. ಬಿಗಿಯಾದಂತೆ ತೋರುತ್ತದೆ, ಓಡುವಾಗ ಮೆಲ್ಲಗೆ ಕೆಳಗಿಳಿದು ಗಾಡಿ ಆಳವಾಗುತ್ತದೆ, ಕೊನೆಗೆ ಕಳಚಿ ಹಾರಲೂಬಹುದು. 12 ಎಂಎಂ ಮತ್ತು ಅರ್ಧ ಇಂಚಿನ ನಡುವೆಯೂ ಅದೇ ಅಪಾಯ. ಇದು ಹಲಗೆಯ ಪ್ರಶ್ನೆಯಲ್ಲ, ಕೈಬೆರಳು ಮತ್ತು ಕಣ್ಣಿನ ಪ್ರಶ್ನೆ.

ಇಂಚು ಎಲ್ಲಿ ಮೇಲು

ಇಂಚನ್ನು ಹಳೆಯದೆಂದು ತಳ್ಳಿಹಾಕುವುದು ಅನ್ಯಾಯ. ಅರ್ಧ, ಕಾಲು, ಅರೆಕಾಲು, ವೀಸ: ಇಂಚಿನ ಗೆರೆಗಳು ಕನ್ನಡದ ಹಳೆಯ ಲೆಕ್ಕದ ಹಾಗೆಯೇ ಅರ್ಧರ್ಧ ಆಗುತ್ತ ಹೋಗುತ್ತವೆ. ನಡು ಹಿಡಿಯುವ ಕೆಲಸ ಬಹಳ ಇರುವಲ್ಲಿ ಇದು ಕೈಗೆ ಹತ್ತುತ್ತದೆ. 5/8ರ ಅರ್ಧ 5/16, ಕೆಳಗಿನ ಸಂಖ್ಯೆ ಮಾತ್ರ ಇಮ್ಮಡಿ. ಬಾಗಿಲ ಫ್ರೇಮು, ಪಕಾಸು, ತೊಲೆ, ಕಾಟು ಮರದ ಬೆಂಚು ಇವಕ್ಕೆ 1/8 ಇಂಚಿನ ನಿಖರತೆ ಸಾಕು, ಮೂರರಿಂದ ಭಾಗಿಸುವ ಪ್ರಸಂಗವೂ ಕಡಿಮೆ. ಮರ ಬಂದಿರುವುದೂ ಇಂಚಿನಲ್ಲೇ. ಗದ್ದಲದಲ್ಲಿ ಮಾಡಿನ ಮೇಲಿನಿಂದ ಕೆಳಗೆ ಕೂಗಿ ಹೇಳುವಾಗ ‘ಏಳಡಿ ನಾಲ್ಕಿಂಚು’ ಕೇಳಿಸಿದಷ್ಟು ಸ್ಪಷ್ಟವಾಗಿ ‘ಎರಡು ಸಾವಿರದ ಇನ್ನೂರ ಮೂವತ್ತೈದು’ ಕೇಳಿಸುವುದಿಲ್ಲ. ಮೂವತ್ತು ವರ್ಷ ಇಂಚಿನಲ್ಲಿ ಕಣ್ಣು ಪಳಗಿದ ಆಚಾರಿಯವರ ಕೈಗೆ ಬಲವಂತದಿಂದ ಎಂಎಂ ಕೊಟ್ಟರೆ, ಅವರು ಮನಸ್ಸಿನಲ್ಲೇ ಪರಿವರ್ತಿಸಿ ಕತ್ತರಿಸುತ್ತಾರೆ. ಅಲ್ಲೇ ತಪ್ಪು ಹುಟ್ಟುವುದು. ಫ್ರೇಮಿನ ಕೆಲಸ ಅವರ ಅಳತೆಯಲ್ಲೇ ನಡೆಯಲಿ.

ಮುಖ್ಯ ಬಾಗಿಲಿಗೆ ಆಯ ನೋಡುವವರು ಆಯ ಬಂದ ಅಳತೆಯನ್ನು ಅದೇ ಪದ್ಧತಿಯಲ್ಲಿ ಬರೆದುಕೊಂಡು, ಒಂದೇ ಒಂದು ಸಲ ಎಂಎಂಗೆ ಬದಲಿಸಿ, ಆಮೇಲೆ ಹಿಂದಕ್ಕೆ ಹೋಗಬಾರದು. ಆಯದ ಅಳತೆ ಫ್ರೇಮಿನ ಒಳಗಿನದೋ ಹೊರಗಿನದೋ ಎಂದು ಮೊದಲೇ ಕೇಳಿ. ಹೆಚ್ಚಿನ ಜಗಳ ಅದರಿಂದಲೇ ಬರುವುದು, ಇಂಚು-ಎಂಎಂನಿಂದಲ್ಲ.

ಮಳೆಗಾಲ ಬಂದರೆ

ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ನೀರು ಕುಡಿದು ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. 300 ಎಂಎಂ ಅಗಲದ, ಅಡ್ಡಸೀಳಿನ (ಮರದ ಉಂಗುರಗಳ ಗುಂಟ ಸೀಳಿದ) ತೇಗದ ಹಲಗೆಯ ತೇವಾಂಶ ಶೇ 12ರಿಂದ 18ಕ್ಕೆ ಏರಿದರೆ ಅಗಲ 3 ಎಂಎಂಗಿಂತ ಹೆಚ್ಚು ಬೆಳೆಯುತ್ತದೆ. ಮರದ ತಿರುಳಿಗೆ ನೇರವಾಗಿ ಸೀಳಿದ ಹಲಗೆಯಾದರೆ 2 ಎಂಎಂ ಒಳಗೆ. ಉದ್ದದಲ್ಲಿ ಏನೂ ಆಗುವುದಿಲ್ಲ ಎಂದೇ ಹೇಳಬಹುದು. ಹಾಗಾಗಿ ಗಟ್ಟಿಮರದ ಬಾಗಿಲಿನ ನಡುಹಲಗೆಯನ್ನು ಅರ್ಧ ಎಂಎಂ ನಿಖರತೆಗೆ ಕತ್ತರಿಸಿ ಬಿಗಿಯಾಗಿ ಕೂರಿಸಿದರೆ, ಜುಲೈನಲ್ಲಿ ಅದೇ ಹಲಗೆ ಚೌಕಟ್ಟಿನ ಜಾಯಿಂಟನ್ನು ಬಿಡಿಸುತ್ತದೆ. ಏಪ್ರಿಲ್‌ನಲ್ಲಿ ಕೂರಿಸುವುದಾದರೆ ಗಾಡಿಯೊಳಗೆ ಪ್ರತಿ ಬದಿಗೂ 2ರಿಂದ 3 ಎಂಎಂ, ಆಚಾರಿಯವರ ಲೆಕ್ಕದಲ್ಲಿ ಒಂದು ನೂಲು, ಜಾಗ ಬಿಡಿ, ಅಂಟು ಹಾಕಬೇಡಿ. ಮಳೆಯಲ್ಲಿ ಹಿಗ್ಗಿರುವಾಗಲೇ ಕೂರಿಸುವುದಾದರೆ ಅರ್ಧ ನೂಲು ಸಾಕು.

ಟೇಪಿನ ವಿಚಾರ

ಅಂಗಡಿಯಲ್ಲಿ ಸಿಗುವ ಟೇಪಿನ ಒಂದು ಅಂಚಿಗೆ ಇಂಚು, ಇನ್ನೊಂದಕ್ಕೆ ಸೆಂಟಿಮೀಟರ್ ಇರುತ್ತದೆ. ಎಂಎಂನಲ್ಲಿ ಕೆಲಸ ಮಾಡುವವರು ಎರಡೂ ಅಂಚಿಗೆ ಮೆಟ್ರಿಕ್ ಇರುವುದನ್ನೇ ಹುಡುಕಿ ಕೊಳ್ಳಿ. ಇಲ್ಲದಿದ್ದರೆ ಗುರುತು ಹಾಕುವ ಬದಿಯಲ್ಲಿ ಬೇಡದ ಗೆರೆಗಳಿರುತ್ತವೆ, ಕಣ್ಣು ತಪ್ಪುತ್ತದೆ. ಬರೆಯುವಾಗ 121.3 ಎಂದು ಸೆಂಟಿಮೀಟರಿನಲ್ಲಿ ಬರೆಯದೆ 1213 ಎಂದೇ ಬರೆಯಿರಿ. ಚುಕ್ಕೆ ಅಳಿಸಿದರೂ ಗೊಂದಲವಾಗುವುದಿಲ್ಲ.

ಟೇಪಿನ ಕೊಂಡಿ ಸ್ವಲ್ಪ ಅಲ್ಲಾಡುವುದು ದೋಷವಲ್ಲ. ಹೊರಗಿನಿಂದ ಎಳೆದಾಗ ಮತ್ತು ಒಳಗೆ ಒತ್ತಿದಾಗ ಕೊಂಡಿಯ ದಪ್ಪ ಸರಿಹೋಗಲೆಂದೇ ಹಾಗೆ ಮಾಡಿರುತ್ತಾರೆ. ಸುತ್ತಿಗೆಯಿಂದ ಹೊಡೆದು ಬಿಗಿ ಮಾಡಬೇಡಿ. ಕೊಂಡಿ ಬಾಗಿದೆ ಎಂಬ ಅನುಮಾನ ಬಂದಾಗ ಕೊಂಡಿ ಬಿಟ್ಟು ಒಳಗಿನ ಗೆರೆಯಿಂದ ಅಳೆಯುವುದು ರೂಢಿ. ಇಂಚಿನಲ್ಲಿ 1ರಿಂದ ಶುರುಮಾಡಿ ಕಳೆಯಲು ಮರೆತರೆ ಹಲಗೆ ಒಂದಿಂಚು ಗಿಡ್ಡ, ಜೋಡಿಸುವವರೆಗೂ ಯಾರಿಗೂ ಗೊತ್ತಾಗುವುದಿಲ್ಲ. ಮೆಟ್ರಿಕ್‌ನಲ್ಲಿ 100ರಿಂದ ಶುರುಮಾಡಿ. ಮರೆತರೆ 100 ಎಂಎಂ ತಪ್ಪು, ಗರಗಸ ಇಡುವ ಮೊದಲೇ ಕಣ್ಣಿಗೆ ಬೀಳುತ್ತದೆ. ನಿಖರತೆಯಲ್ಲಿ ಎರಡನೇ ವರ್ಗದ 5 ಮೀಟರ್ ಟೇಪಿಗೆ ಪೂರ್ತಿ ಉದ್ದದಲ್ಲಿ 1.3 ಎಂಎಂ ಆಚೀಚೆ ಇರಲು ಅವಕಾಶ ಇದೆ, ಆದ್ದರಿಂದ ಇಬ್ಬರ ಟೇಪು 2 ಎಂಎಂ ಬೇರೆ ತೋರಿಸಿದರೂ ಎರಡೂ ‘ಸರಿ’ಯೇ. ಒಂದು ಕೆಲಸಕ್ಕೆ ಒಂದೇ ಟೇಪು.

ಐನ್‌ಮನೆಯ ರಿಪೇರಿಗೆ

ಹಳೆಯ ಐನ್‌ಮನೆಗಳಲ್ಲಿ, ಅಂದರೆ ಕೊಡವ ಮನೆತನಗಳ ಮೂಲ ಮನೆಗಳಲ್ಲಿ, ಇಂಚನ್ನೂ ಎಂಎಂ ಅನ್ನೂ ಹುಡುಕಿದರೆ ಸಿಗುವುದಿಲ್ಲ. ಕೇರಳದ ಆಚಾರಿಗಳ ಕೈಯ ಕೆಲಸವಾಗಿದ್ದರೆ ಅದು ಕೋಲು-ವಿರಲಿನ ಲೆಕ್ಕ ಇರಬಹುದು. ಒಂದು ಕೋಲಿಗೆ 24 ವಿರಲು, ಈಗಿನ ಲೆಕ್ಕದಲ್ಲಿ ಕೋಲು 72 ಸೆಂಟಿಮೀಟರ್, ವಿರಲು 3 ಸೆಂಟಿಮೀಟರ್. ಅಂಥ ಮನೆಯ ನಕ್ಷೆ ತೆಗೆಯುವಾಗ ಸೆಂಟಿಮೀಟರ್ ಹಿಡಿಯುವುದೇ ಒಳ್ಳೆಯದು: 8 ವಿರಲಿನ ಕಂಬ 24 ಸೆಂಟಿಮೀಟರ್ ಎಂದು ಸರಿಯಾಗಿ ಬರುತ್ತದೆ, ಇಂಚಿನಲ್ಲಿ 9.45 ಎಂದು ಅಡ್ಡಾದಿಡ್ಡಿಯಾಗಿ ಕಾಣುತ್ತದೆ. ಆದರೆ ಕೋಲುಗಳಲ್ಲೂ ಹಲವು ಬಗೆ ಇದ್ದವು. ಮೂರು ನಾಲ್ಕು ಕಂಬ ಅಳೆದು ಹೊಂದುತ್ತದೆಯೇ ನೋಡದೆ ತೀರ್ಮಾನಿಸಬೇಡಿ.

ಕೈಯಾಲೆಯ (ಮುಂಭಾಗದ ಜಗಲಿಯ) ಕಂಬಗಳ ನಡುವಿನ ಐಮರ (ಕೂರುವ ಹಲಗೆ) ಹುಳು ಹಿಡಿದು ಬದಲಿಸುವಾಗ ಸಂಖ್ಯೆಯೇ ಬೇಡ. ಕಂಬಗಳು ನೇರ ನಿಂತಿರುವುದಿಲ್ಲ. ಮುಂದಿನ ಅಂಚಿನ ಅಂತರವೂ ಹಿಂದಿನದೂ ಬೇರೆ ಇರುತ್ತದೆ. ಎರಡು ತೆಳ್ಳನೆಯ ರೀಪು ತೆಗೆದುಕೊಂಡು ಒಂದೊಂದರ ಒಂದು ತುದಿಯನ್ನು ಚೂಪು ಮಾಡಿ. ಒಂದರ ಮೇಲೊಂದಿಟ್ಟು, ಚೂಪು ತುದಿಗಳು ಎರಡು ಕಂಬಕ್ಕೂ ತಾಗುವವರೆಗೆ ಜಾರಿಸಿ, ನಡುವೆ ಕ್ಲಾಂಪು ಬಿಗಿಯಿರಿ. ಎರಡಕ್ಕೂ ಅಡ್ಡಲಾಗಿ ಒಂದು ಪೆನ್ಸಿಲ್ ಗೆರೆ ಎಳೆಯಿರಿ. ಕ್ಲಾಂಪು ಸರಿದರೆ ಗೆರೆ ಮುರಿದು ಕಾಣುತ್ತದೆ. ಮುಂದಿನ ಅಂಚಿಗೆ ಒಂದು ಜೋಡಿ, ಹಿಂದಿನ ಅಂಚಿಗೆ ಇನ್ನೊಂದು ಜೋಡಿ, ಅವುಗಳ ಮೇಲೆ ‘ಮುಂದೆ’, ‘ಹಿಂದೆ’ ಎಂದು ಬರೆಯಿರಿ. ಕಂಬದ ಮೈಯ ಉಬ್ಬುತಗ್ಗನ್ನು ದಪ್ಪ ರಟ್ಟಿನಲ್ಲಿ ಕತ್ತರಿಸಿ ತೆಗೆದುಕೊಳ್ಳಿ. ಆ ರೀಪುಗಳನ್ನೇ ಹೊಸ ಹಲಗೆಯ ಮೇಲಿಟ್ಟು ಗುರುತು ಹಾಕಿ, ಗೆರೆಯ ಹೊರಗೆ 2 ಎಂಎಂ ಬಿಟ್ಟು ಕೊಯ್ದು, ಉಳಿದದ್ದನ್ನು ಉಳಿಯಲ್ಲಿ ಸವರುತ್ತ ಕೂರಿಸಿ. ಹಲಗೆ ಚೆನ್ನಾಗಿ ಒಣಗಿರಬೇಕು. ಹಸಿ ಹಲಗೆ ಅಗಲದಲ್ಲಿ ಕುಗ್ಗಿದರೆ, ಕಂಬದ ಉಬ್ಬುತಗ್ಗಿಗೆ ಕೊರೆದ ಜಾಗ ಮುಂದಿನ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ.